ಸಂಗೊಳ್ಳಿಯ ಶೇತಸನದಿ

ನಮ್ಮೂರ ಜಾತ್ರೆಯಲ್ಲಿ ವರ್ಷ ಬಿಟ್ಟು ವರ್ಷ ಸಂಗೊಳ್ಳಿ ರಾಯಣ್ಣನ ನಾಟಕ ಆಡುವ ರೂಢಿಯಿದೆ. ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಅದರಲ್ಲಿ ನನಗೂ ಒಂದು ಪಾತ್ರ ದೊರಕಿತು. ಊರ ಹುಡುಗರಿಗೆಲ್ಲ ರಾಯಣ್ಣನೇ ಆಗಬೇಕು; ಅದು ಸಿಗದಿದ್ದರೆ ಗಜವೀರನೋ ಚನ್ನಬಸಪ್ಪನೋ ಆದರೂ ಆಗಬೇಕು. ನನ್ನ ದನಿ ಆಗ ಒಡೆಯುತ್ತಲಿತ್ತು, ಮೈಯೂ ತುಸು ದಪ್ಪ. ನಾಟಕ ಕಲಿಸುವ ಮಾಸ್ತರರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ರಾಯಣ್ಣನನ್ನು ಹಿಡಿದುಕೊಡುವ ಗೌಡನ ಪಾತ್ರವನ್ನು ಕೊಟ್ಟರು. ಹಳ್ಳದಲ್ಲಿ ಸ್ನಾನಕ್ಕಿಳಿದ ರಾಯಣ್ಣ ತನ್ನ ಖಡ್ಗವನ್ನು ಬೇಡುತ್ತಾನೆ. ನಾನು ಅದನ್ನು ಅವನಿಗೆ ಕೊಡದೆ ಹಿಂದಿನವನ ಕೈಗೆ ದಾಟಿಸಬೇಕು. ಇಷ್ಟೇ ನನ್ನ ದೊಡ್ಡ ಕೆಲಸ. ಆ ರಾತ್ರಿ ಖಡ್ಗ ಕೈ ದಾಟಿದ ಕೂಡಲೆ ಮುಂದೆ ಕುಳಿತಿದ್ದ ಒಬ್ಬ ಮುದುಕಿ ಎದ್ದುನಿಂತು ನನ್ನ ವಂಶವನ್ನೆಲ್ಲ ಶಪಿಸಿದಳು. ಮರುದಿನ ಅಂಗಡಿಗೆ ಬೆಲ್ಲ ತರಲು ಹೋದರೆ ಅಲ್ಲಿಯೂ ಅದೇ ನಗೆ, ಅದೇ ಮಾತು. ಮನೆಗೆ ಬಂದು ಅಜ್ಜನ ಮುಂದೆ ಅತ್ತೆ. ಅಜ್ಜ ಆಗ ಹೇಳಿದ್ದನ್ನು ಮುಂದೆ ಬರೆಯುತ್ತೇನೆ. ಆ ಮಾತು ನನ್ನನ್ನು ಬಿಡದೆ ಹಿಂಬಾಲಿಸಿದ್ದರಿಂದಲೇ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇನೆ. ನಮ್ಮ ಇತಿಹಾಸದ ಪ್ರಾಧ್ಯಾಪಕರು ತಪ್ಪು ಕಂಡಲ್ಲಿ ತಿದ್ದಬೇಕೆಂದು ಮೊದಲೇ ವಿಜ್ಞಾಪಿಸಿಕೊಳ್ಳುತ್ತೇನೆ.

ರಾಯಣ್ಣನ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣ ಇಂದು ಅವನ ಹೆಸರನ್ನು ಹೊತ್ತಿದೆ. 2012ರಲ್ಲಿ ಬಂದ ಚಲನಚಿತ್ರವನ್ನು ನಮ್ಮಲ್ಲಿ ಹಲವರು ಎರಡೆರಡು ಸಲ ನೋಡಿದ್ದೇವೆ. ಆದರೆ ಅವನು ಇದ್ದ ಕಾಲದಲ್ಲಿ ಅವನ ಹುದ್ದೆ ಏನಾಗಿತ್ತು ಎಂದು ಕೇಳಿದರೆ ಸೇನಾಪತಿ ಎಂದೇ ಹೆಚ್ಚಿನವರು ಉತ್ತರ ಕೊಡುತ್ತಾರೆ. ಕಂಪನಿ ಸರಕಾರದ ಕಾಗದಪತ್ರಗಳಲ್ಲಿ ಅವನಿಗೆ ಇರುವ ಹೆಸರು ಬೇರೆ. ಅಲ್ಲಿ ಅವನು ಸಂಗೊಳ್ಳಿಯ ಶೇತಸನದಿ. ನನಗೆ ಈ ಸಣ್ಣ ಹೆಸರೇ ದೊಡ್ಡದಾಗಿ ಕಾಣುತ್ತದೆ. ಅವನ ಜೀವನದ ಕೀಲಿಕೈ ಅದರಲ್ಲಿಯೇ ಇದೆ.

ಶೇತ ಎಂದರೆ ಹೊಲ, ಸನದು ಎಂದರೆ ಅಪ್ಪಣೆಯ ಪತ್ರ. ದೇಸಾಯರ ಆಳ್ವಿಕೆಯಲ್ಲಿ ಪ್ರತಿ ಊರಿನಲ್ಲಿಯೂ ಇಂಥ ಕೆಲವು ಮನೆತನಗಳಿರುತ್ತಿದ್ದವು. ಅವರಿಗೆ ತಿಂಗಳ ಸಂಬಳವಿಲ್ಲ. ಸಂಬಳದ ಬದಲು ಒಂದಿಷ್ಟು ಹೊಲ. ಅದಕ್ಕೆ ಕಂದಾಯವಿಲ್ಲ, ಇದ್ದರೂ ಹೆಸರಿಗೆ ಮಾತ್ರ. ಅದಕ್ಕೆ ಪ್ರತಿಯಾಗಿ ಊರು ಕಾಯಬೇಕು, ಕಂದಾಯದ ಹಣ ಸಾಗಿಸುವಾಗ ಜೊತೆಗೆ ಹೋಗಬೇಕು, ಕೋಟೆಯ ಪಹರೆಗೆ ಸರದಿಯ ಪ್ರಕಾರ ನಿಲ್ಲಬೇಕು, ಯುದ್ಧದ ಕರೆ ಬಂದರೆ ಕತ್ತಿ ಗುರಾಣಿ ಹಿಡಿದು ಓಡಬೇಕು. ಉಳಿದ ದಿನಗಳಲ್ಲಿ ಅವನು ಎಲ್ಲರ ಹಾಗೆ ಒಕ್ಕಲಿಗ. ಜೋಳ ಬಿತ್ತುತ್ತಾನೆ, ಎತ್ತು ಕಟ್ಟುತ್ತಾನೆ. ಸಿಪಾಯಿತನವೂ ಹೊಲವೂ ಒಂದೇ ಹಗ್ಗದ ಎರಡು ಎಳೆ. ಒಂದನ್ನು ಕಿತ್ತರೆ ಇನ್ನೊಂದು ನಿಲ್ಲದು. ಕಿತ್ತೂರಿನ ಸೈನ್ಯ ಎಂದು ನಾವು ಪುಸ್ತಕದಲ್ಲಿ ಓದುವುದು ಬಹುಮಟ್ಟಿಗೆ ಇಂಥ ಜನರ ಕೂಟವನ್ನೇ. ಕುರುಬರು, ಬೇಡರು, ಲಿಂಗಾಯತರು, ಮುಸಲ್ಮಾನರು, ಖಾನಾಪುರ ಹಳಿಯಾಳಗಳ ಕಾಡಿನ ಸಿದ್ದಿಯರು, ಎಲ್ಲರೂ ಅದರಲ್ಲಿದ್ದರು.

ಸಂಗೊಳ್ಳಿ ಮಲಪ್ರಭೆಯ ದಂಡೆಯ ಊರು, ಇಂದಿನ ಬೈಲಹೊಂಗಲ ತಾಲೂಕಿಗೆ ಸೇರಿದ್ದು. ಅಲ್ಲಿಯ ಕುರುಬ ಮನೆತನದ ಭರಮಪ್ಪ ಮತ್ತು ಕೆಂಚವ್ವರ ಮಗ ರಾಯಣ್ಣ. ಅವನು ಹುಟ್ಟಿದ ದಿನವೆಂದು ನಾಡು ಆಚರಿಸುವುದು 1798ರ ಆಗಸ್ಟ್ 15. ಮನೆಯ ಹಿರಿಯರು ದೇಸಾಯರಿಗಾಗಿ ರಕ್ತ ಸುರಿಸಿ ಪಡೆದ ಹೊಲಕ್ಕೆ ರಕ್ತಮಾನ್ಯದ ಹೊಲವೆಂದೇ ಹೆಸರಿತ್ತೆಂದು ಹಾಡುಗಾರರು ಹೇಳುತ್ತಾರೆ. ಗರಡಿಯ ಸಾಮು, ಕತ್ತಿವರಸೆ, ಬೇಟೆ, ಇವುಗಳಲ್ಲಿ ಅವನ ಬಾಲ್ಯ ಕಳೆಯಿತು. ಅವನು ಬೆಳೆದು ಹುದ್ದೆಗೆ ಬರುವ ಹೊತ್ತಿಗೆ ಮೇಲಿನ ಜಗತ್ತು ಅಡಿಮೇಲಾಗಿತ್ತು. 1818ರಲ್ಲಿ ಪೇಶವೆಯ ರಾಜ್ಯ ಬಿದ್ದುಹೋಗಿ ಕಂಪನಿಯೇ ಒಡೆಯನಾಯಿತು. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಆ ಯುದ್ಧದಲ್ಲಿ ಕಂಪನಿಗೇ ನೆರವಾದವನು. ಆ ನೆರವನ್ನು ಕಂಪನಿಯವರು ಎಷ್ಟು ದಿನ ನೆನಪಿಟ್ಟರೆಂಬುದು ಮುಂದೆ ಆರೇ ವರ್ಷಗಳಲ್ಲಿ ಗೊತ್ತಾಯಿತು.

1824ರ ಸೆಪ್ಟೆಂಬರದಲ್ಲಿ ಮಕ್ಕಳಿಲ್ಲದ ದೇಸಾಯಿ ತೀರಿಕೊಂಡನು. ಸಾಯುವ ಮೊದಲು ಮಾಸ್ತಮರಡಿಯ ಗೌಡರ ಮಗನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದಲ್ಲಿ ಕಲೆಕ್ಟರನಾಗಿದ್ದ ಥ್ಯಾಕರೆ ಸಾಹೇಬನು ಈ ದತ್ತಕವನ್ನು ಒಪ್ಪಲಿಲ್ಲ. ಪತ್ರವೇ ಸಂಶಯಾಸ್ಪದವೆಂದನು, ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿದನು. ದಿವಂಗತ ಮಲ್ಲಸರ್ಜ ದೇಸಾಯಿಯ ರಾಣಿ ಚೆನ್ನಮ್ಮಾಜಿ ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್ನನಿಗೂ ಪುಣೆಯಲ್ಲಿದ್ದ ಕಮಿಶನರ ಚಾಪ್ಲಿನ್ನನಿಗೂ ಬರೆದುಕೊಂಡರೂ ಫಲವಾಗಲಿಲ್ಲ.

ಅಕ್ಟೋಬರ 23ರಂದು ನಡೆದದ್ದನ್ನು ಬಲ್ಲವರಿಗೆ ಮತ್ತೆ ಹೇಳುವುದು ಬೇಡವೆನಿಸಿದರೂ ನನ್ನ ವಿಷಯಕ್ಕೆ ಅದು ಬೇಕೇಬೇಕು. ಥ್ಯಾಕರೆಯು ಕುದುರೆಯ ತೋಪಿನ ದಳದೊಡನೆ ಕಿತ್ತೂರಿಗೆ ಬಂದು ಕುಳಿತಿದ್ದನು. ಆ ದಿನ ಕೋಟೆಯ ಒಳಗಿನವರು ಬಾಗಿಲು ಮುಚ್ಚಿಬಿಟ್ಟರು. ತೆರೆಯಿರೆಂದು ಅರ್ಧ ತಾಸೂ ತುಂಬದ ಗಡುವು ಕೊಟ್ಟು ಅವನು ತೋಪುಗಳನ್ನು ಬಾಗಿಲಿಗೆದುರಾಗಿ ನಿಲ್ಲಿಸಿದನು. ಗಡುವು ಮುಗಿಯುವ ಹೊತ್ತಿಗೆ ಬಾಗಿಲು ತೆರೆಯಿತು, ಆದರೆ ಶರಣಾಗಲು ಅಲ್ಲ. ಸರದಾರ ಗುರುಸಿದ್ದಪ್ಪನ ಹಿಂದೆ ಸಾವಿರಾರು ಜನ ಕತ್ತಿ, ಭಾಲೆ, ನಾಡಬಂದೂಕುಗಳೊಡನೆ ಹೊರಗೆ ನುಗ್ಗಿದರು. ತೋಪಿನವರಿಗೆ ಮದ್ದು ತುಂಬಲು ಪುರಸೊತ್ತಾಗಲಿಲ್ಲ. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟನಂಟ್ ಸಿವೆಲ್, ಲೆಫ್ಟನಂಟ್ ಡೈಟನ್ ಮೂವರೂ ಅಲ್ಲಿಯೇ ಬಿದ್ದರು. ಥ್ಯಾಕರೆಯೂ ಸತ್ತನು. ಅವನನ್ನು ಹೊಡೆದ ಗುಂಡು ಅಮಟೂರ ಬಾಳಪ್ಪನದೆಂದು ನಾಡೆಲ್ಲ ನಂಬಿದೆ. ಬಾಳಪ್ಪನೂ ರಾಜಪುತ್ರನಲ್ಲ, ಹಳ್ಳಿಯಿಂದ ಬಂದ ಸಿಪಾಯಿ. ಆ ಗುಂಪಿನಲ್ಲಿ ಇಪ್ಪತ್ತಾರರ ಹರೆಯದ ರಾಯಣ್ಣನೂ ಇದ್ದನು.

ಅಂದು ಸೆರೆಸಿಕ್ಕವರಲ್ಲಿ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳಿದ್ದರು. ರಾಣಿ ಅವರಿಗೆ ಯಾವ ಕೇಡನ್ನೂ ಮಾಡದೆ ಇರಿಸಿಕೊಂಡು ಡಿಸೆಂಬರದಲ್ಲಿ ಬಿಟ್ಟುಕೊಟ್ಟಳು. ಈ ಎಲಿಯಟ್ಟನೇ ಮುಂದೆ ಸರ್ ವಾಲ್ಟರ್ ಎಲಿಯಟ್ ಆಗಿ ನಮ್ಮ ಸೀಮೆಯ ಹಳೆಯ ಶಾಸನಗಳ 595 ಪ್ರತಿಗಳನ್ನು ಸಂಗ್ರಹಿಸಿದನು. ಚಾಲುಕ್ಯರ ಇತಿಹಾಸವನ್ನು ಮೊದಲು ಜೋಡಿಸಿದವರಲ್ಲಿ ಅವನೊಬ್ಬ. ಕಿತ್ತೂರಿನ ಯಾವನೋ ಪಹರೆಯವನು ಆ ಆರು ವಾರಗಳಲ್ಲಿ ಒಂದು ದಿನ ಸಿಟ್ಟಿಗೆದ್ದು ಕತ್ತಿ ಬೀಸಿದ್ದರೆ ನಮ್ಮ ಶಾಸನಶಾಸ್ತ್ರದ ಗತಿ ಏನಾಗುತ್ತಿತ್ತೆಂದು ಇತಿಹಾಸದ ವಿದ್ಯಾರ್ಥಿಯಾದ ನನಗೆ ಆಗಾಗ ಅನ್ನಿಸುವುದುಂಟು. ಇರಲಿ.

ಸಾಹೇಬರನ್ನು ಬಿಟ್ಟುಕೊಟ್ಟ ಮೇಲೆ ಕಂಪನಿ ಸುಮ್ಮನಿರುವುದೆಂದು ಕಿತ್ತೂರಿನವರು ನಂಬಿದ್ದರು. ಕಂಪನಿ ಸುಮ್ಮನಿರಲಿಲ್ಲ. ಕರ್ನಲ್ ಡೀಕನ್ನನ ಕೈಕೆಳಗೆ ದೊಡ್ಡ ಪಡೆ ಬಂದು ಕೋಟೆಯನ್ನು ಸುತ್ತಿತು. ಡಿಸೆಂಬರದ ಮೊದಲ ವಾರದಲ್ಲಿ ಗೋಡೆ ಒಡೆದು ಕೋಟೆ ಬಿದ್ದಿತು. ಆ ಹೋರಾಟದಲ್ಲಿ ಥಾಮಸ್ ಮನ್ರೋ ಸಾಹೇಬನ ಅಣ್ಣತಮ್ಮಂದಿರ ಮಗನೊಬ್ಬನು ಸತ್ತನು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. ಹಿಡಿದ ಹಳ್ಳಿಯ ಸಿಪಾಯಿಗಳಿಗೆ ಕ್ಷಮೆ ಕೊಟ್ಟು ಊರಿಗೆ ಕಳಿಸಿದರು. ಅವರಲ್ಲಿ ರಾಯಣ್ಣನೂ ಒಬ್ಬ. ಅರಮನೆಯ ಮಟ್ಟಿಗೆ ಕಥೆ ಇಲ್ಲಿಗೆ ಮುಗಿಯಿತು. ರಾಯಣ್ಣನ ಕಥೆ ನಿಜವಾಗಿ ಇಲ್ಲಿಂದ ಪ್ರಾರಂಭವಾಗುತ್ತದೆ.

ಊರಿಗೆ ಮರಳಿದ ಶೇತಸನದಿಗೆ ದೇಸಾಯಿಯಿಲ್ಲ, ಕಾಯಲು ಕೋಟೆಯಿಲ್ಲ. ಹೊಸ ಸರಕಾರಕ್ಕೆ ತನ್ನದೇ ಸಂಬಳದ ಸಿಪಾಯಿಗಳಿದ್ದರು. ಚಾಕರಿಯೇ ಇಲ್ಲದ ಮೇಲೆ ಕಂದಾಯವಿಲ್ಲದ ಹೊಲವೇಕೆ ಎಂಬುದು ಅದರ ಲೆಕ್ಕ. ಲೆಕ್ಕದ ಮಟ್ಟಿಗೆ ಅದು ಸರಿಯೇ ಇರಬಹುದು; ಆದರೆ ಆ ಹೊಲದಲ್ಲಿ ಬೆವರಿಳಿಸಿದವನ ಕಣ್ಣಿಗೆ ಅದು ಹಗಲುದರೋಡೆ. ರಾಯಣ್ಣನ ಹೊಲದಲ್ಲಿ ಅರ್ಧವನ್ನು ಸರಕಾರ ಕಸಿದುಕೊಂಡಿತು, ಉಳಿದರ್ಧಕ್ಕೆ ಭಾರಿ ಕಂದಾಯ ಹೇರಿತು. ಲಾವಣಿಗಳಲ್ಲಿ ಈ ಸಂಗತಿಗೆ ಒಂದು ಮುಖವಿದೆ, ಅದು ಊರ ಕುಲಕರ್ಣಿಯ ಮುಖ. ಕಂದಾಯ ಕೊಡದ ತಪ್ಪಿಗೆ ಅವನು ಕೆಂಚವ್ವನನ್ನು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸಿ ಬೆನ್ನಮೇಲೆ ಕಲ್ಲು ಹೇರಿಸಿದನೆಂದು ಹಾಡುತ್ತಾರೆ. ನಮ್ಮೂರ ನಾಟಕದಲ್ಲಿ ಆ ದೃಶ್ಯ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರಸುತ್ತಾರೆ. ಕಲೆಕ್ಟರರ ವರದಿಗಳು ಇಂಥದನ್ನು ಬರೆಯುವುದಿಲ್ಲ. ಆದರೆ ಕಂದಾಯಕ್ಕಾಗಿ ಒಕ್ಕಲಿಗನನ್ನು ಬೆನ್ನಿಗೆ ಕಲ್ಲು ಹೇರಿ ನಿಲ್ಲಿಸುವುದು ಆ ಕಾಲದ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಶಿಕ್ಷೆಯೇ ಹೌದು. ಆದ್ದರಿಂದ ಹಾಡನ್ನು ಬರಿಯ ಕಟ್ಟುಕಥೆಯೆಂದು ತಳ್ಳಲು ನನಗೆ ಮನಸ್ಸಾಗುವುದಿಲ್ಲ.

1829ರಲ್ಲಿ ಚೆನ್ನಮ್ಮಾಜಿ ಸೆರೆಯಲ್ಲಿಯೇ ಕಣ್ಣುಮುಚ್ಚಿದಳು. ಅದೇ ವರ್ಷದ ಕೊನೆಗೆ ರಾಯಣ್ಣ ಎದ್ದನು. ಅವನ ಬೇಡಿಕೆ ಸರಳವಾದದ್ದು: ದತ್ತಕಪುತ್ರ ಶಿವಲಿಂಗಪ್ಪ ಕಿತ್ತೂರಿನ ಗಾದಿಯ ಮೇಲೆ ಕೂಡಬೇಕು. ಐದು ವರ್ಷಗಳ ಹಿಂದೆ ಸರದಾರರೂ ದಿವಾನರೂ ಕೂಡಿ ಆಡಿದ ಮಾತನ್ನು ಈಗ ಒಬ್ಬ ಹಳ್ಳಿಯ ಸಿಪಾಯಿ ಆಡತೊಡಗಿದನು. ಜೊತೆಗೆ ಬಿಚ್ಚುಗತ್ತಿ ಚನ್ನಬಸಪ್ಪ, ಸಿದ್ದಿಯರ ಗಜವೀರ, ತನ್ನಂತೆಯೇ ಹೊಲ ಕಳೆದುಕೊಂಡ ಸನದಿಗಳು. ಮೊದಲು ಕೆಲವು ಹತ್ತು ಜನ, ಆಮೇಲೆ ನೂರಾರು ಜನ ಸೇರಿದರು.

1830ರ ಜನವರಿಯಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿದ್ದಿತು. ಅನಂತರ ನಂದಗಡ, ಖಾನಾಪುರ, ಸಂಪಗಾವಿಗಳ ಕಡೆ ದಾಳಿಗಳಾದವು. ಅವನು ಸುಡಲು ಆರಿಸಿಕೊಂಡದ್ದನ್ನು ಸಹಪಾಠಿಗಳು ಗಮನಿಸಬೇಕು. ಮೊದಲು ಕೈ ಹಾಕಿದ್ದು ಸರಕಾರದ ಕಚೇರಿಗಳಿಗೆ. ಕಚೇರಿ ಸುಟ್ಟರೆ ಸುಡುವುದು ಹಂಚು ತೊಲೆಗಳಷ್ಟೇ ಅಲ್ಲ. ಯಾರ ಹೊಲ ಯಾರದು, ಯಾರ ಬಾಕಿ ಎಷ್ಟು ಎಂದು ಬರೆದಿಟ್ಟ ದಫ್ತರವೂ ಅಲ್ಲಿಯೇ ಇರುತ್ತದೆ. ಕಾಗದದಿಂದ ಹೊಲ ಕಳೆದುಕೊಂಡವನು ಕಾಗದವಿರುವ ಕಡೆಗೇ ಪಂಜು ಹಿಡಿದು ನಡೆದನು. ಬಡ್ಡಿಯ ಸಾಹುಕಾರರೂ ಕಂಪನಿಯ ಪಕ್ಷದ ಶ್ರೀಮಂತರೂ ಅವನಿಗೆ ಹಣ ತೆರಬೇಕಾಯಿತು. ಇದನ್ನು ಸರಕಾರ ದರೋಡೆ ಎಂದು ಕರೆಯಿತು. ಹಳ್ಳಿಯ ಜನ ಮಾತ್ರ ಹಗಲು ಸರಕಾರದ ಸವಾರರಿಗೆ ದಾರಿ ತಪ್ಪಿಸಿ, ರಾತ್ರಿ ಅವನಿಗೆ ರೊಟ್ಟಿ ಕಟ್ಟಿಕೊಟ್ಟರು.

ಖಾನಾಪುರದ ಕಡೆಯ ಕಾಡನ್ನು ನೋಡಿದವರಿಗೆ ಅವನ ಯುದ್ಧದ ರೀತಿ ಬೇಗ ತಿಳಿಯುತ್ತದೆ. ಬೈಲಹೊಂಗಲದ ಕಪ್ಪುನೆಲ ಬಯಲು. ಅಲ್ಲಿ ಒಬ್ಬ ಸವಾರ ಬಂದರೆ ಎರಡು ಹರದಾರಿಯಿಂದ ಧೂಳು ಕಾಣುತ್ತದೆ. ಪಶ್ಚಿಮಕ್ಕೆ ಹೋದಂತೆ ನೆಲ ಕೆಂಪಾಗಿ, ಗುಡ್ಡವೇರಿ, ಮರ ಒತ್ತಾಗಿ, ಹತ್ತು ಮಾರು ಆಚೆಯದೂ ಕಾಣದಾಗುತ್ತದೆ. ಬಯಲಿನಲ್ಲಿ ಹುಟ್ಟಿದ ರಾಯಣ್ಣ ಕಾಡಿನಲ್ಲಿ ಅಡಗಿ, ಬಯಲಿಗಿಳಿದು ಹೊಡೆದು, ಬೆಳಗಾಗುವುದರೊಳಗೆ ಮತ್ತೆ ಗುಡ್ಡ ಸೇರುತ್ತಿದ್ದನು. ಸಂಶೇರಗಡ, ಹಂಡಿಬಡಗನಾಥದ ಗುಡ್ಡಗಳು ಅವನ ನೆಲೆಗಳಾಗಿದ್ದವು. ಕಾಡು ಬಲ್ಲ ಗಜವೀರನ ನೆರವು ಇಲ್ಲಿ ಎಷ್ಟು ದೊಡ್ಡದಾಗಿರಬೇಕೆಂದು ಊಹಿಸಬಹುದು. ಸಂಬಳದ ಸೈನ್ಯ ಇಂಥವನನ್ನು ಹಿಡಿಯುವುದು ಸಾಧ್ಯವಿರಲಿಲ್ಲ. ಕಂಪನಿಗೆ ಅದು ತಿಳಿಯಲು ತಡವಾಗಲಿಲ್ಲ. ಅದು ಊರವರನ್ನೇ ಹುಡುಕಿತು.

ನಮ್ಮ ಭಾಷಣಗಳಲ್ಲಿ ಇಲ್ಲಿಗೆ ಬಂದಾಗ ದನಿ ಏರುತ್ತದೆ, ದ್ರೋಹಿ ಎಂಬ ಮಾತು ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಎಂಬ ಹೆಸರುಗಳನ್ನು ಮಕ್ಕಳೂ ಬಲ್ಲರು. ಅವರು ಸ್ನೇಹದ ಸೋಗಿನಲ್ಲಿ ರಾಯಣ್ಣನ ಗುಂಪಿನೊಡನೆ ಬೆರೆತು, 1830ರ ಏಪ್ರಿಲದಲ್ಲಿ ಡೋರಿಯ ಹಳ್ಳದಲ್ಲಿ ಅವನು ಸ್ನಾನಕ್ಕಿಳಿದಾಗ ಆಯುಧವಿಲ್ಲದವನನ್ನು ಹಿಡಿದರು. ಕಂಪನಿ ಇನಾಮು ಕೊಟ್ಟಿತು. ಆ ಊರುಗಳ ಇಂದಿನ ಜನರಿಗೂ ಅಂದಿನ ಕೃತ್ಯಕ್ಕೂ ಯಾವ ಸಂಬಂಧವೂ ಇಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಊರ ಹೆಸರು ಹೇಳಿ ಗೆಳೆಯರನ್ನು ಕೆಣಕುವ ನಮ್ಮ ಕಾಲೇಜಿನ ಕೆಲವರಿಗೆ ಈ ಮಾತು.

ಈಗ ಅಜ್ಜನ ಮಾತು. ನಾಟಕದ ಮರುದಿನ ನಾನು ಅಳುತ್ತ ಕುಳಿತಾಗ ಅಜ್ಜ ಮೊದಲು ನಕ್ಕು, ಆಮೇಲೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದನು. ಬದುವಿನ ಮೇಲೆ ಕುಳಿತು, ಗೌಡನಿಗೂ ಹೊಲವಿತ್ತೆಂದು ಹೇಳಿದನು. ರಾಯಣ್ಣನ ಹೊಲ ದೇಸಾಯಿಯ ಜೊತೆಗೇ ಹೋಯಿತು. ಗೌಡಕಿಯ ಹೊಲವನ್ನು ಮಾತ್ರ ಹೊಸ ಸರಕಾರ ಮುಂದುವರಿಸಿತು, ಏಕೆಂದರೆ ಕಂದಾಯ ಎತ್ತಲು ಅದಕ್ಕೆ ಗೌಡ ಬೇಕಾಗಿದ್ದ. ಒಬ್ಬನ ಹೊಲ ಉಳಿಯಲು ಕಿತ್ತೂರು ಏಳಬೇಕು, ಇನ್ನೊಬ್ಬನದು ಉಳಿಯಲು ಕಿತ್ತೂರು ಏಳಬಾರದು. ಹೀಗೆ ಹೇಳಿ ಅಜ್ಜ ತಂಬಾಕು ತಿಕ್ಕಿದನು. ಹಾಗಾದರೆ ನಮ್ಮ ಮನೆಯವರು ಯಾರ ಕಡೆ ಇದ್ದರೆಂದು ಕೇಳಿದೆ. ನಮ್ಮದೂ ಸನದಿಯ ಮನೆತನವೆಂದು ಕೇಳಿ ಬೆಳೆದವನು ನಾನು. ನಡುಮನೆಯ ತೊಲೆಗೆ ತುಕ್ಕು ಹಿಡಿದ ಕತ್ತಿಯೊಂದು ಈಗಲೂ ಇದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, ನಮ್ಮ ಹಿರಿಯರು ಯಾರನ್ನೂ ಹಿಡಿದುಕೊಡಲಿಲ್ಲ, ಯಾರ ಹಿಂದೆಯೂ ಹೋಗಲಿಲ್ಲ, ಹೇರಿದ ಕಂದಾಯವನ್ನು ಸಾಲ ಮಾಡಿ ಕಟ್ಟಿದರು, ಅದಕ್ಕೇ ಈ ಹೊಲ ಇನ್ನೂ ನಮ್ಮ ಕೈಯಲ್ಲಿದೆ ಎಂದನು. ಆ ಹೊಲದ ಜೋಳವನ್ನು ಮಾರಿಯೇ ಇಂದು ನನ್ನ ಕಾಲೇಜಿನ ಫೀ ತುಂಬುತ್ತಾರೆ.

ಅಂದಿನಿಂದ ಕಿತ್ತೂರಿನ ಕಾಳಗವನ್ನು ನಾನು ಓದುವ ರೀತಿಯೇ ಬದಲಾಯಿತು. 1824ರಲ್ಲಿ ಬಾಗಿಲಿನಿಂದ ನುಗ್ಗಿದವರು ನಮ್ಮವರು. ಹೊರಗೆ ಕಂಪನಿಯ ಪಡೆಯಲ್ಲಿದ್ದ ಸಿಪಾಯಿಗಳಲ್ಲಿಯೂ ಬಹುಪಾಲು ಈ ದೇಶದವರೇ. ರಾಯಣ್ಣನಿಗೆ ರೊಟ್ಟಿ ಕೊಟ್ಟವರು, ಅವನನ್ನು ಹಿಡಿದವರು, ಸುಮ್ಮನೆ ಕಂದಾಯ ಕಟ್ಟಿ ಮನೆಯಲ್ಲಿದ್ದವರು, ಎಲ್ಲರೂ ಹತ್ತು ಹದಿನೈದು ಹರದಾರಿಯೊಳಗಿನ ಜನ. ಇಷ್ಟು ಲೆಕ್ಕ ಹಾಕಿದ ಮೇಲೆ ರಾಯಣ್ಣ ಮೊದಲಿಗಿಂತ ದೊಡ್ಡವನಾಗಿ ಕಾಣುತ್ತಾನೆ. ಸಾಲ ಮಾಡಿ ಕಂದಾಯ ಕಟ್ಟುವ ದಾರಿ ಅವನಿಗೂ ತೆರೆದಿತ್ತು. ಒಮ್ಮೆ ಕ್ಷಮೆ ಪಡೆದವನು ಎರಡನೆಯ ಸಲ ಸಿಕ್ಕರೆ ಗತಿ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಿಡಿದವರು ಅವನನ್ನು ಧಾರವಾಡಕ್ಕೆ ಒಯ್ದರು. ವಿಚಾರಣೆಯಾಯಿತು. ಕೆಲವರಿಗೆ ಕಡಲಾಚೆಯ ಶಿಕ್ಷೆ, ಅವನಿಗೂ ಕೆಲವು ಸಂಗಡಿಗರಿಗೂ ಗಲ್ಲು. ಗಲ್ಲಿಗೆ ಆರಿಸಿದ ಜಾಗ ನಂದಗಡ. ಅವನು ದಾಳಿ ಮಾಡಿದ ಸೀಮೆಯ ಜನವೇ ನೋಡಲೆಂಬುದು ಸರಕಾರದ ಉದ್ದೇಶ. 1831ರ ಜನವರಿ 26ರಂದು ಊರ ಹೊರಗಿನ ಆಲದ ಮರಕ್ಕೆ ಅವನನ್ನು ನೇಣು ಹಾಕಿದರು. ವಯಸ್ಸು ಮೂವತ್ತೆರಡು. ಆ ತಾರೀಖು 119 ವರ್ಷಗಳ ಮೇಲೆ ನಮ್ಮ ಗಣರಾಜ್ಯದ ದಿನವಾಯಿತು. ಹುಟ್ಟಿದ ದಿನವಾಗಿ ಆಚರಿಸುವುದು ಸ್ವಾತಂತ್ರ್ಯದ ದಿನ. ಸಭೆಗಳಲ್ಲಿ ಇದನ್ನು ದೈವಸಂಕೇತವೆಂದು ಹೇಳುವುದನ್ನು ಕೇಳಿದ್ದೇನೆ. ಸನದಿನ ಹೊಲಕ್ಕಾಗಿ ಎದ್ದವನಿಗೆ ಅಂಥ ಆಸರೆ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಹೋದ ದೀಪಾವಳಿಯ ರಜೆಯಲ್ಲಿ ನಂದಗಡಕ್ಕೆ ಹೋಗಿದ್ದೆ. ಧಾರವಾಡದಲ್ಲಿ ಥ್ಯಾಕರೆಗೆ ಎತ್ತರವಾದ ಕಲ್ಲಿನ ಸ್ಮಾರಕವಿದೆ. ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರನಿಗೆ ಅವನು ಚಿಕ್ಕಪ್ಪನಾಗಬೇಕು. ರಾಯಣ್ಣನ ಸಮಾಧಿಯ ಮೇಲೆ ಇರುವುದು ಆಲದ ಮರ. ಅವನ ಗೆಳೆಯ ಚನ್ನಬಸಪ್ಪ ವೇಷ ಮರೆಸಿಕೊಂಡು ಬಂದು ಆ ಸಸಿ ನೆಟ್ಟನೆಂದು ಅಲ್ಲಿಯವರು ಹೇಳುತ್ತಾರೆ. ಮಕ್ಕಳಾಗದ ಹೆಂಗಸರು ಹರಕೆ ಹೊತ್ತು ಕಟ್ಟಿದ ಚಿಕ್ಕ ಚಿಕ್ಕ ಕಟ್ಟಿಗೆಯ ತೊಟ್ಟಿಲುಗಳು ಅದರ ಬಿಳಲುಗಳಿಗೆ ತೂಗುತ್ತಿದ್ದವು. ಹಾಗೆ ಹುಟ್ಟಿದ ಹುಡುಗರಿಗೆ ರಾಯಪ್ಪ, ರಾಯಣ್ಣ ಎಂದೇ ಹೆಸರು. ನಮ್ಮ ತರಗತಿಯಲ್ಲಿಯೇ ಇಬ್ಬರಿದ್ದಾರೆ. ಗಾಳಿಗೆ ತೊಟ್ಟಿಲುಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡುತ್ತಿದ್ದವು.

ಅಲ್ಲಿ ಎಣ್ಣೆ ಹಾಕುತ್ತಿದ್ದ ಮುದುಕರೊಬ್ಬರು ನನ್ನ ಊರು ಕೇಳಿದರು. ಹೇಳಿದೆ. ಬೈಲಹೊಂಗಲದ ಕಡೆಯವನೆಂದು ತಿಳಿದು ಅವರ ಮುಖ ಅರಳಿತು. ಮನೆತನ ಯಾವುದೆಂದರು. ಸನದಿಯವರ ಮನೆ ಎಂದೆ. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ಇವನು ನಮ್ಮ ರಾಯಣ್ಣನ ಜೊತೆಗಾರರ ಕುಡಿಯೆಂದು ಅಲ್ಲಿದ್ದ ನಾಲ್ಕು ಜನರಿಗೆ ಹೇಳಿ, ಹಣೆಗೆ ಭಂಡಾರ ಹಚ್ಚಿದರು. ಒಂದು ತೆಂಗಿನ ಹೋಳನ್ನೂ ಕೊಟ್ಟರು. ನಾನು ಅಜ್ಜನ ಮಾತನ್ನು ಹೇಳಬೇಕೆಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಅಷ್ಟರಲ್ಲಿ ಖಾನಾಪುರದ ಬಸ್ಸು ಬಂದಿತು. ತೆಂಗಿನ ಹೋಳನ್ನು ಊರಿಗೆ ತಂದು ಅಜ್ಜನ ಕೈಗೆ ಕೊಟ್ಟೆ. ಎಲ್ಲಿಯದೆಂದು ಕೇಳಿ ತಿಳಿದುಕೊಂಡು, ಅವನು ಅದನ್ನು ತಿನ್ನದೆ ಕತ್ತಿಯ ಕೆಳಗಿನ ಗೂಡಿನಲ್ಲಿ ಇಟ್ಟನು.